ಕುತ್ತಿಗೆಗೆ ನೋವು, ಹೆಬ್ಬೆರಳಿಗೆ ಸೂಜಿ

ಗೆಳೆಯರೇ, ಇವತ್ತಿನ ಸೂಜಿಯ ಸೋಜಿಗ ಕೇಳಿ. ಹೊಸೂರಿನ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ನನ್ನ ತಮ್ಮ ಮುನಿರಾಜನ ಕುತ್ತಿಗೆ ವಾರದಿಂದ ಹಿಡಿದುಕೊಂಡಿತ್ತು. ಕುತ್ತಿಗೆ ತಿರುಗದೆ ಬೈಕ್ ಓಡಿಸುವಂತಿಲ್ಲ. ನಾಳೆಯೂ ಶಿಫ್ಟ್ ತಪ್ಪಿದರೆ ಕೆಲಸ ಕಾಯಂ ಆಗುವುದು ಅನುಮಾನ. ಅಕ್ಯುಪಂಕ್ಚರ್ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ಅವನ ಹೆಬ್ಬೆರಳಿನ ಬುಡಕ್ಕೆ ಸೂಜಿ ಚುಚ್ಚಿದರು.

ಯಾವ ದೋಷ ಕಂಡರೂ ಮೂಲ ಸಿಗುವವರೆಗೆ ‘ಯಾಕೆ, ಯಾಕೆ’ ಎಂದು ಕೇಳುವುದೇ ಕಾರ್ಖಾನೆಯಲ್ಲಿ ಇವನ ಕೆಲಸ. ಇಲ್ಲೂ ಶುರುಮಾಡಿದ.

“ನೋವಿರಾದು ಕುತ್ಗೇಲಿ, ಕೈಗ್ಯಾಕೆ ಮೇಡಂ?”

“ಇಲ್ಲಿಂದ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ ತಂಬಿ. ಮಿದುಳು ನೋವಿಗೆ ತನ್ನದೇ ಔಷಧಿ ಬಿಡುತ್ತೆ.”

“ಔಷ್ದಿ ಅದ್ರತ್ರಾನೇ ಇದ್ರೆ ಇಷ್ಟ್ ದಿನ ಯಾಕ್ ಬಿಡ್ಲಿಲ್ಲ?”

“ಅದೆಲ್ಲಾ ನಮಗೂ ಪೂರ್ತಿ ಗೊತ್ತಿಲ್ಲಪ್ಪಾ. ಅಲ್ಲಾಡಬೇಡ.”

ಸೂಜಿ ತೆಗೆದ ಮೇಲೆ ನಾನು ಕೇಳಿದೆ: “ವಾಸಿ ಆಯ್ತೇನೋ?”

“ಮೂಲಾನೇ ಸಿಗ್ಲಿಲ್ಲ, ವಾಸಿ ಆಯ್ತು ಅಂತ ಹೆಂಗಕ್ಕಾ ಒಪ್ಕಳಾದು? ನಾನ್ ಒಪ್ಪಕಿಲ್ಲ!” ಎನ್ನುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿದ.

ಆ ಕುತ್ತಿಗೆಯನ್ನು ತಿರುಗಿಸಿದ್ದು ಸೂಜಿಯೋ ಹಟವೋ, ನನಗಿನ್ನೂ ತಿಳಿದಿಲ್ಲ.