ನೂರುಲ್ಲಾ ಮಾತು ಕಲಿತದ್ದು

ನಮ್ಮ ಪಕ್ಕದ ಮನೆಯ ನೂರುಲ್ಲಾನಿಗೆ ಉಗ್ಗು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವುದು ಅವನ ಕಸುಬು. ‘ಕ’ ಅಕ್ಷರ ಬಂದರಂತೂ ಗಂಟಲು ಕಟ್ಟಿಕೊಂಡು ಸದ್ದೇ ಹೊರಡುತ್ತಿರಲಿಲ್ಲ. ಊರಿನವರನ್ನು ಕೇಳಬೇಕೆ? ಅವನು ಬಾಯಿ ತೆರೆಯುವುದರೊಳಗೆ ತಾವೇ ಮಾತು ಮುಗಿಸಿ, ನಕ್ಕು, ಮುಂದೆ ಹೋಗುತ್ತಿದ್ದರು. ಈ ಜನರ ಅವಸರ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ಅವನ ತಾಯಿ ಜಾನ್ ಬೀ ಹಟ ಹಿಡಿದು ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಸಿರನ್ನು ಮೆಲ್ಲಗೆ ಬಿಡುತ್ತಾ ಮೊದಲ ಅಕ್ಷರವನ್ನು ಎಳೆದು ಹೇಳುವುದನ್ನು ಅಲ್ಲಿ ಮಾತು ತಿದ್ದುವ ಟೀಚರಮ್ಮ ಕಲಿಸಿದರು. “ಇಲ್ಲಿ ಚೆನ್ನಾಗಿ ಮಾತಾಡಿದ್ರೆ ಏನ್ ಬಂತು? ಅಂಗಡೀಲಿ, ಬಸ್ಸಲ್ಲಿ, ಮಾರ್ಕೆಟ್ಟಲ್ಲಿ ಮಾತಾಡಿ. ನಿಮ್ಮ ಮಾತನ್ನ ಬೇರೆಯವರ ಬಾಯಿಗೆ ಕೊಡಬೇಡಿ” ಎಂದರು.

ನೂರುಲ್ಲಾ ಅದನ್ನು ವ್ರತದ ಹಾಗೆ ಹಿಡಿದ. ರೇಷ್ಮೆಗೂಡಿನ ಹರಾಜಿನಲ್ಲಿ ಕೂಗುವುದು ತಡವಾಗಿ ಒಳ್ಳೆಯ ಗೂಡು ಕೈತಪ್ಪಿದರೂ ಪಕ್ಕದವನಿಂದ ಕೂಗಿಸಲಿಲ್ಲ. ಬಸ್ಸು ಹತ್ತಿ ಕೆಂಚಾರ್ಲಹಳ್ಳಿಗೆ ಟಿಕೆಟ್ ಕೇಳುತ್ತಿದ್ದ. ಅಲ್ಲಿ ಅವನಿಗೆ ಕೆಲಸವೇನೂ ಇರಲಿಲ್ಲ, ಆ ಹೆಸರು ಹೇಳುವುದೇ ಕೆಲಸ. “ಏನಪ್ಪ, ಊರು ಹೇಳೋದ್ರೊಳಗೆ ಊರೇ ಬಂತಲ್ಲ” ಎಂದು ಕಂಡಕ್ಟರ್ ರೇಗಿಸಿದರೆ ತಾನೂ ನಗುತ್ತಿದ್ದ. ಒಂದು ದಿನ ಹೆಸರು ಸಲೀಸಾಗಿ ಬಂತು. ಮನೆಗೆ ಬಂದು ತಾಯಿಯ ಮುಂದೆ ಮತ್ತೆ ಮತ್ತೆ ಹೇಳಿ ತೋರಿಸಿದ. ಆಯಮ್ಮನ ಸಂತೋಷ ನೋಡಬೇಕಿತ್ತು.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಜಾನ್ ಬೀ ತೀರಿಕೊಂಡರು. ಮಧ್ಯಾಹ್ನದ ನಮಾಜ್ ಆದಮೇಲೆ ಮಣ್ಣು ಮಾಡುವುದೆಂದು ಹಿರಿಯರು ತೀರ್ಮಾನಿಸಿದರು. ನೂರುಲ್ಲಾನ ಅಕ್ಕ ಕರೀಮುನ್ನೀಸಾ ಇದ್ದದ್ದು ಗೌರಿಬಿದನೂರಿನಲ್ಲಿ. ಅವರಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಮನೆಯಿಂದ ಶವ ಹೊರಡುವ ಮೊದಲು ಬಂದರೆ ಮಾತ್ರ ಅವಳಿಗೆ ತಾಯಿಯ ಮುಖ ಕಾಣುತ್ತದೆ. ಅವಳ ಬೀದಿಯ ಬೇಕರಿಗೆ ಫೋನ್ ಮಾಡಿ ಅವಳನ್ನು ಕರೆಸಬೇಕಿತ್ತು. ಬೇರೆ ನಂಬರ್ ಯಾರ ಹತ್ತಿರವೂ ಇರಲಿಲ್ಲ.

ಚೆನ್ನಕೇಶವನ ಎಸ್‌ಟಿಡಿ ಬೂತಿಗೆ ನಾನೂ ಜೊತೆಗೆ ಹೋದೆ. “ಕೊಡಪ್ಪ, ನಾನ್ ಹೇಳ್ತೀನಿ” ಎಂದ ಚೆನ್ನಕೇಶವ. ನೂರುಲ್ಲಾ ರಿಸೀವರ್ ಬಿಡಲಿಲ್ಲ.

“ಅಮ್ಮೀ ಸುದ್ದಿ... ನಾನೇ ಹೇಳ್ಬೇಕು.”

ಆ ಕಡೆಯಿಂದ ಹಲೋ ಎಂದರು. ಅಕ್ಕನ ಹೆಸರಿನ ಮೊದಲ ಅಕ್ಷರಕ್ಕೇ ಅವನ ಗಂಟಲು ಕಟ್ಟಿತು. ಉಸಿರು ಬಿಟ್ಟ, ಕಣ್ಣು ಮುಚ್ಚಿದ, ಕುತ್ತಿಗೆಯ ನರ ಉಬ್ಬಿತು. ಫೋನಿನಲ್ಲಿ ಇದೆಲ್ಲ ಯಾರಿಗೆ ಕಾಣುತ್ತದೆ? ಆ ಕಡೆಯವನು ಇಟ್ಟುಬಿಟ್ಟ. ಇವನು ಮತ್ತೆ ಮಾಡಿದ, ಅವನು ಮತ್ತೆ ಇಟ್ಟ. ಕೊನೆಗೆ ಅವನ ಬೈಗುಳ ನನಗೂ ಕೇಳಿಸಿತು. ನೂರುಲ್ಲಾ ಸೋತು ರಿಸೀವರನ್ನು ಚೆನ್ನಕೇಶವನ ಕೈಗೆ ಕೊಟ್ಟ. ಅಷ್ಟರಲ್ಲಿ ಬೇಕರಿಯವನು ರೋಸಿಹೋಗಿ ಫೋನನ್ನು ಎತ್ತಿ ಪಕ್ಕಕ್ಕಿಟ್ಟಿದ್ದನೇನೋ, ಎಷ್ಟು ಸಲ ತಿರುಗಿಸಿದರೂ ಎಂಗೇಜ್. ಪಾಪ, ನೂರುಲ್ಲಾ ಬೂತಿನ ಗೋಡೆಗೆ ತಲೆಯಾನಿಸಿ ಅತ್ತ.

ಕರೀಮುನ್ನೀಸಾ ಬಂದಾಗ ದೀಪ ಹಚ್ಚುವ ಹೊತ್ತು. ಎಲ್ಲ ಮುಗಿದಿತ್ತು. ನೂರುಲ್ಲಾ ಅವಳ ಕಾಲ ಬಳಿ ಕುಸಿದ. ಯಾರು ಸುದ್ದಿ ಮುಟ್ಟಿಸಿದರಮ್ಮ ಎಂದು ನಾನೇ ಕೇಳಿದೆ.

“ಮಧ್ಯಾಹ್ನದ ಮೇಲೆ ಬ್ರೆಡ್ ತರೋಕೆ ಬೇಕರಿಗೆ ಹೋಗಿದ್ದೆ. ಬೆಳಿಗ್ಗೆ ಯಾರೋ ಫೋನ್ ಮಾಡಿ ಮಾತೇ ಆಡ್ದೆ ಸತಾಯಿಸಿದ್ರು ಅಂತ ಅಲ್ಲಿಯವ್ನು ಬೈತಾ ಇದ್ದ. ನಮ್ ನೂರುಲ್ಲಾನೇ ಅಂತ ತಕ್ಷಣ ಗೊತ್ತಾಯ್ತು. ಮನೇಲಿ ಏನೋ ಆಗಿದೆ ಅಂತ ಉಟ್ಟ ಸೀರೇಲೇ ಬಸ್ ಹತ್ತಿದೆ” ಎಂದಳು. ಆಮೇಲೆ ತಮ್ಮನ ತಲೆ ನೇವರಿಸುತ್ತಾ ಹೇಳಿದಳು: “ಫೋನ್ ಬಂದಾಗ್ಲೇ ಆ ಬೇಕರಿಯವ್ನು ನಂಗೆ ಹೇಳಿದ್ರೆ ಸಾಕಾಗಿತ್ತು ಕಣೋ. ನೀನೇನೂ ಮಾತಾಡ್ಬೇಕಿರ್ಲಿಲ್ಲ.”