ಅತ್ತೆ ಕೇಳಿದ ಡ್ರ್ಯಾಗನ್ ಕಥೆ

ಬೆಳಿಗ್ಗೆ ಕೊರಿಯರಿನಲ್ಲಿ ಬಂದ ದಪ್ಪ ಪುಸ್ತಕವನ್ನು ಬಿಚ್ಚಿ ಮೂಗಿಗೆ ಹಿಡಿದೆ. ಹೊಸ ಕಾಗದದ ವಾಸನೆ. ಮುಖಪುಟದ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್. ಐವತ್ತು ದಾಟಿದ ವಿಜ್ಞಾನದ ಮೇಡಂಗೆ ಇದೆಂಥ ಹುಚ್ಚು ಎಂದು ನೀವು ನಗಬಹುದು. ನಾನೂ ನಗುತ್ತಿದ್ದವಳೇ. ಮಗಳು ಇಂಥ ಫ್ಯಾಂಟಸಿ ಕಾದಂಬರಿ ತಂದಾಗಲೆಲ್ಲ, ಅಷ್ಟು ಭಾರದ ಪ್ರಾಣಿ ಅಷ್ಟು ಚಿಕ್ಕ ರೆಕ್ಕೆಯಲ್ಲಿ ಹಾರಲಾರದು ಎಂದು ಪಾಠ ಮಾಡುತ್ತಿದ್ದೆ.

ನನ್ನನ್ನು ಕೆಡಿಸಿದವರು ನಮ್ಮತ್ತೆ. ಬನ್ನೂರಿನ ಪಕ್ಕದ ಹಳ್ಳಿಯವರು, ಕುರಿ ಸಾಕಿ ಬದುಕಿದವರು, ಓದು ಬಾರದು. ಕಿಡ್ನಿ ಕೈಕೊಟ್ಟ ಮೇಲೆ ನಂಜನಗೂಡಿನ ನಮ್ಮ ಮನೆಗೆ ಬಂದರು. ಡಯಾಲಿಸಿಸ್‌ಗೆ ಜೊತೆಯಲ್ಲಿ ಹೋಗಿ ಕೂರುತ್ತಿದ್ದವಳು ನಾನು. ಮದುವೆಯಾಗಿ ಅಷ್ಟು ವರ್ಷವಾದರೂ ನಮ್ಮಿಬ್ಬರ ಮಾತು "ಊಟ ಆಯ್ತಾ" ದಾಟಿರಲಿಲ್ಲ. ಜಗಳವೂ ಇರಲಿಲ್ಲ ಅನ್ನಿ. ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕು.

ಒಂದು ದಿನ ಬ್ಯಾಗಿನಲ್ಲಿ ಮಗಳ ಪುಸ್ತಕ ಉಳಿದುಬಿಟ್ಟಿತ್ತು. ಹೊತ್ತು ಹೋಗದೆ ತೆರೆದೆ. ಸೂಜಿ ಚುಚ್ಚಿದ ಕೈ ಅಲ್ಲಾಡಿಸದೆ ಅತ್ತೆ ಕೇಳಿದರು:

"ಏನವ್ವ ಅದ್ರೊಳ್ಗೆ?"

"ಒಬ್ಬಳು ಮುದುಕಿ ರಾಣಿ. ಅವಳ ಹತ್ರ ಒಂದು ಡ್ರ್ಯಾಗನ್. ರೆಕ್ಕೆ ಇರೋ ಹಾವಿನ ಥರ, ಮನೆಯಷ್ಟು ದೊಡ್ಡದು."

"ಅದೇನ್ ತಿಂತದೆ?"

"ಕುರಿ."

"ಯಾರ್ ಕುರಿ?"

ಹಿಂದಿನ ಪುಟ ತಿರುವಿ ನೋಡಿದೆ. ಯಾರ ಕುರಿಯೆಂದು ಬರೆದೇ ಇರಲಿಲ್ಲ. "ಸಾಕ್ದೋನ್ ಒಟ್ಟೆ ಉರಿಯಾಕಿಲ್ವಾ? ರಾಣಿ ಆದ್ರೇನು, ಕೇಳ್ಬೇಕು" ಎಂದರು ಅತ್ತೆ. ಪಕ್ಕದ ಹಾಸಿಗೆಯವರೂ ನಕ್ಕರು.

ಅಂದಿನಿಂದ ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿ ಹೇಳಿದೆ. ಕಥೆಯಲ್ಲಿ ರಾಣಿಯ ಊರಿನವರೆಲ್ಲ ಬೈಯುತ್ತಿದ್ದ ಒಬ್ಬ ಮಾಟಗಾತಿಯಿದ್ದಳು; ಅವಳ ಪರ ಅತ್ತೆಯೊಬ್ಬರೇ. "ಅವ್ಳು ಕೆಟ್ಟೋಳಲ್ಲ ಕಣವ್ವ. ಒಂದೇ ಊರಲ್ಲಿದ್ರೂವೆ ಯಾರೂ ಅವ್ಳುನ್ನ ಮಾತಾಡ್ಸ್ನಿಲ್ಲ." ಪುಸ್ತಕ ಕೆಳಗಿಟ್ಟು ಅತ್ತೆಯ ಹೊದಿಕೆ ಸರಿಮಾಡಿದೆ. ಹೇಳಲು ನಾಚಿಕೆ, ಆಸ್ಪತ್ರೆಯ ದಿನ ಯಾವಾಗ ಬರುತ್ತದೋ ಎಂದು ಕಾಯತೊಡಗಿದ್ದೆ. ಮನೆಯಲ್ಲಿ ಒಬ್ಬಳೇ ಮುಂದಕ್ಕೆ ಓದುವಂತಿರಲಿಲ್ಲ. ಅದು ಅತ್ತೆಯ ಕಟ್ಟಪ್ಪಣೆ.

ಬೇಸಿಗೆಯ ಹೊತ್ತಿಗೆ ಅವರ ಮೈ ಸೋತಿತು. "ಸೂಜಿ ಸಾಕು. ನಮ್ಮೂರ್ಗೆ ಕರ್ಕೊಂಡೋಗಿ" ಎಂದರು. ನಮ್ಮವರು ಬೇಡಿಕೊಂಡರು, ಅತ್ತರು. ಅತ್ತೆ ಜಗ್ಗಲಿಲ್ಲ. ಕೊನೆಗೆ ಡಾಕ್ಟರೂ, ಅವರ ಇಷ್ಟದಂತೆ ಮಾಡಿ ಎಂದರು.

ಕಾರಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದರು. ನರಸೀಪುರದ ಸೇತುವೆ ದಾಟುವಾಗ ಕಣ್ಣು ಬಿಟ್ಟು, "ಕತೆ ಕೊನೇದ್ ಏಳ್ಬುಡವ್ವ" ಎಂದರು.

ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಕೊನೆಯ ಅಧ್ಯಾಯ ಮನಸ್ಸಿನಲ್ಲೇ ಓದಿಕೊಂಡೆ. ರಾಣಿ ಡ್ರ್ಯಾಗನನ್ನು ಕಾಡಿಗೆ ಬಿಟ್ಟುಬಿಡುತ್ತಾಳೆ. ಗಡಿಯ ಕೋಟೆಯಲ್ಲಿ, ಹಿಮದ ನಡುವೆ, ಒಬ್ಬಳೇ ಸಾಯುತ್ತಾಳೆ. ಪುಸ್ತಕ ಮುಚ್ಚಿದೆ.

"ರಾಣಿ ಡ್ರ್ಯಾಗನ್ ಮೇಲೆ ಕೂತು ಮನೆಗೆ ಬಂದಳು ಅತ್ತೆ. ಮಾಟಗಾತಿ ಬಿಸಿನೀರು ಕಾಯಿಸಿಟ್ಟು ಬಾಗಿಲಲ್ಲೇ ನಿಂತಿದ್ದಳು. ಇಬ್ಬರೂ ಕೂತು ಬೇಕಾದಷ್ಟು ಮಾತಾಡಿದರು."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಸುಳ್ಳೇಳ್ತಿದ್ದೀಯೆ," ಎಂದರು. "ಓಗ್ಲಿ ಬುಡು. ಚೆನ್ನಾಗಿ ಏಳ್ದೆ."

ಆ ವಾರವೇ ಹೋದರು.

ಇಂಥ ಪುಸ್ತಕಗಳನ್ನು ಈಗ ನಾನೇ ತರಿಸುತ್ತೇನೆ. ಆದರೆ ಮೌನವಾಗಿ ಓದಲು ಬಾರದು. ತುಟಿ ತನ್ನಷ್ಟಕ್ಕೆ ಕನ್ನಡ ಮಾಡಿಕೊಳ್ಳುತ್ತದೆ. ಇವತ್ತು ಬಂದ ಪುಸ್ತಕದ ಮೊದಲ ಪುಟದಲ್ಲಿ ಒಬ್ಬ ಹೆಣ್ಣುಮಗಳು ದೂರದಿಂದ ನಡೆದು ಬಂದು ಕೋಟೆಯ ಬಾಗಿಲು ತಟ್ಟುತ್ತಾಳೆ. ಒಳಗಿನ ಕಾವಲಿನವಳು ಗದರಿಸಿ ಗುರುತು ಕೇಳುತ್ತಾಳೆಂದು ಅಲ್ಲಿ ಬರೆದಿದೆ. ಖಾಲಿ ಮನೆಯಲ್ಲಿ ನನ್ನ ಬಾಯಿಂದ ಬಂದದ್ದು ಬೇರೆ:

"ಯಾರ್ ಮಗ್ಳವ್ವ ನೀನು? ಬಾ, ಒಳೀಕ್ ಬಾ."