ಏನೂ ಇಲ್ಲದ ಗ್ರಹ

ನನ್ನ ಕೆಲಸ ಹೆಬ್ಬಾಳದ ಒಂದು ಆಸ್ಪತ್ರೆಯ ಕೌಂಟರಿನಲ್ಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಜನ ಬಂದು ಕೇಳುತ್ತಲೇ ಇರುತ್ತಾರೆ. ಡಾಕ್ಟರ್ ಬಂದ್ರಾ, ನನ್ನ ನಂಬರ್ ಯಾವಾಗ, ಸ್ಕ್ಯಾನಿಂಗ್ ಎಲ್ಲಿ, ಲಿಫ್ಟ್ ಯಾವ ಕಡೆ. ಎಲ್ಲರಿಗೂ ನೋವು, ಎಲ್ಲರಿಗೂ ಅವಸರ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಂಜೆ ಕುರ್ಚಿಯಿಂದ ಎದ್ದ ಮೇಲೆ ಇನ್ನೊಂದು ಮಾತು ಆಡಲೂ ಮನಸ್ಸಿರುವುದಿಲ್ಲ. ರಿಂಗ್ ರೋಡಿನ ಬಸ್ಸಿನಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಾಗಲಗುಂಟೆಯ ಮನೆ ಸೇರುತ್ತೇನೆ. ಗಂಡ ಏನಾದರೂ ಕೇಳಿದರೆ ತಲೆಯಾಡಿಸುತ್ತೇನೆ. ಅವರಿಗೂ ಅದೇ ಅಭ್ಯಾಸವಾಗಿದೆ. ದಿನವೆಲ್ಲಾ ಕಾರ್ಖಾನೆಯ ಗದ್ದಲದಲ್ಲಿದ್ದು ಬರುವ ಮನುಷ್ಯ, ಸುಮ್ಮನಿರುವ ಹೆಂಡತಿ ಸಿಕ್ಕಿದ್ದು ಪುಣ್ಯ ಅಂದುಕೊಂಡಿರಬಹುದು.

ಇಂಥ ನಾನು ವಿಡಿಯೋ ಗೇಮ್ ಆಡುತ್ತೇನೆ ಅಂದರೆ ಆಸ್ಪತ್ರೆಯಲ್ಲಿ ಯಾರೂ ನಂಬುವುದಿಲ್ಲ. ಅದು ತಮ್ಮನ ಜೊತೆ ಬೆಳೆದ ಚಟ. ಯಶವಂತಪುರದ ಬಾಡಿಗೆ ಮನೆಯಲ್ಲಿದ್ದಾಗ ಅಪ್ಪ ಒಂದು ಹಬ್ಬಕ್ಕೆ ಟೀವಿಗೆ ಸಿಕ್ಕಿಸುವ ಗೇಮ್ ತಂದುಕೊಟ್ಟಿದ್ದರು. ಅದರ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಅಂತ ಬರೆದಿತ್ತು, ಒಳಗೆ ಇದ್ದದ್ದು ಅವೇ ಮೂರೋ ನಾಲ್ಕೋ ಆಟ, ಹೆಸರು ಬದಲಿಸಿ ಬದಲಿಸಿ ಹಾಕಿದ್ದರು. ತಮ್ಮ ಆ ಪಟ್ಟಿಯನ್ನು ಕೊನೆಯವರೆಗೂ ಒತ್ತುತ್ತಾ ಹೋಗುತ್ತಿದ್ದ, ಮುಂದೆ ಹೊಸದು ಬಂದೇ ಬರುತ್ತೆ ಅಂತ. ನಾನು ಮೊದಲನೇದನ್ನೇ ಆಡುತ್ತಾ ಕೂರುತ್ತಿದ್ದೆ.

ಅವನು ಈಗ ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಕ್ಯಾಮೆರಾ, ಮೈಕು ಇಟ್ಟುಕೊಂಡು ಕನ್ನಡದಲ್ಲಿ ಗೇಮುಗಳ ಬಗ್ಗೆ ಮಾತಾಡುವ ಒಂದು ಚಾನೆಲ್ ನಡೆಸುತ್ತಾನೆ. ದೊಡ್ಡ ಚಾನೆಲ್ ಅಲ್ಲ. ಆದರೆ ನೋಡುವವರು ನಿಯತ್ತಿನಿಂದ ನೋಡುತ್ತಾರೆ, ಬೀದಿಯಲ್ಲಿ ಸಿಕ್ಕಾಗ 'ಗುರು' ಅಂತ ಕೈ ಕುಲುಕುತ್ತಾರೆ. ಮೂರು ವರ್ಷದ ಕಾಲ ಆ ಚಾನೆಲ್ಲಿನಲ್ಲಿ ಒಂದೇ ಮಾತು: ಬಾಹ್ಯಾಕಾಶದಲ್ಲಿ ಅಲೆಯುವ ಒಂದು ಆಟ ಬರಲಿದೆ. ಅದರ ಜಾಹೀರಾತು ಬಂದಾಗಲೆಲ್ಲಾ ಅವನು ಒಂದೊಂದೇ ಚಿತ್ರ ನಿಲ್ಲಿಸಿ ವಿವರಿಸುತ್ತಿದ್ದ. ನೋಡಿ, ಆ ಮೂಲೆಯಲ್ಲಿ ಊರು ಕಾಣ್ತಿದೆ. ನೋಡಿ, ಅಲ್ಲಿ ಪ್ರಾಣಿಗಳ ಹಿಂಡು. ಎಣಿಸಕ್ಕಾಗದಷ್ಟು ಗ್ರಹ, ಒಂದರ ಥರ ಇನ್ನೊಂದಿಲ್ಲ. ನನಗೂ ಫೋನ್ ಮಾಡಿ, 'ಅಕ್ಕ, ಇದು ಬಂದ್ಮೇಲೆ ಬೇರೆ ಗೇಮೇ ಬೇಡ ಕಣೇ' ಅನ್ನುತ್ತಿದ್ದ.

ಆಟ ಬಂತು. ಬಂದ ದಿನವೇ ಅವನು ತನ್ನ ಹಳೇ ಗೇಮ್ ಯಂತ್ರವನ್ನು ನಮ್ಮ ಮನೆಗೆ ತಂದು, ಟೀವಿಗೆ ಜೋಡಿಸಿ, ಆಟ ಇಳಿಸಿಕೊಟ್ಟು ಹೋದ. ಅವನಿಗೆ ಒಂದು ಲೋಟ ಕಾಫಿ ಕುಡಿಯುವ ವ್ಯವಧಾನವೂ ಇರಲಿಲ್ಲ.

ಒಂದು ವಾರ ಅವನಿಂದ ಸದ್ದಿಲ್ಲ. ನಾನು ಸಂಜೆ ಸಂಜೆ ಅಡುಗೆ ಮುಗಿಸಿ ಸ್ವಲ್ಪ ಹೊತ್ತು ಆಡುತ್ತಿದ್ದೆ. ಒಂದು ಕೆಂಪು ಮಣ್ಣಿನ ಗ್ರಹದಲ್ಲಿ ನನ್ನ ಹಡಗು ಇಳಿದಿತ್ತು. ಸುತ್ತ ಬೋಳು ಗುಡ್ಡ, ಮಸುಕು ಹಸಿರು ಆಕಾಶ. ಎಷ್ಟು ದೂರ ನಡೆದರೂ ಯಾರೂ ಎದುರಾಗುವುದಿಲ್ಲ. ಎಲ್ಲೋ ಒಂದು ಗಿಡ, ಎಲ್ಲೋ ಒಂದು ಬಂಡೆ. ಕೆಲವು ಕಡೆ ಕಾಲು ನೆಲದೊಳಗೆ ಇಳಿದುಬಿಡುತ್ತಿತ್ತು, ಅದು ಆಟ ಮಾಡಿದವರ ತಪ್ಪು. ಒಂದು ಗುಡ್ಡದ ತುದಿಗೆ ಹತ್ತಿ ನಿಂತರೆ ಗಾಳಿಯ ಶಬ್ದ ಬಿಟ್ಟರೆ ಏನೂ ಕೇಳುವುದಿಲ್ಲ. ನಾನು ಅಲ್ಲೇ ನಿಂತುಬಿಡುತ್ತಿದ್ದೆ. ಗಂಡ ಹಿಂದಿನಿಂದ ನೋಡಿ, 'ಇದು ಕೆಟ್ಟು ನಿಂತಿದೆಯಾ?' ಅಂದರು.

'ಇಲ್ಲ, ನಾನೇ ನಿಂತಿದೀನಿ.'

'ಮತ್ತೆ ಆಡೋದು ಯಾವಾಗ?'

'ಇದೇ ಆಡೋದು.'

ಅವರು ಇನ್ನೇನೂ ಕೇಳದೆ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕೂತಲ್ಲೇ ನಿದ್ದೆ ಹೋಗಿದ್ದರು.

ಶನಿವಾರ ತಮ್ಮನ ವಿಡಿಯೋ ಬಂತು. ನೋಡಿ ನನಗೆ ಗಾಬರಿಯಾಯಿತು. ಕಣ್ಣು ಕೆಂಪಗಾಗಿತ್ತು, ಗಡ್ಡ ಬಂದಿತ್ತು. 'ಮೋಸ ಹೋದ್ವಿ' ಅಂತಲೇ ಶುರು ಮಾಡಿದ್ದ. ಊರಿಲ್ಲ, ಹಿಂಡಿಲ್ಲ, ಜನರಿಲ್ಲ. ಜಾಹೀರಾತಲ್ಲಿ ತೋರಿಸಿದ್ದು ಒಂದೂ ಇಲ್ಲ. ಗ್ರಹದ ಮೇಲೆ ಗ್ರಹ, ಎಲ್ಲಾ ಬರೀ ಖಾಲಿ.

ಕೆಳಗೆ ಕಾಮೆಂಟುಗಳಲ್ಲಿ ಜಗಳ ಹತ್ತಿತ್ತು. ಅರ್ಧ ಜನ 'ನೀನೇ ತಾನೇ ಗುರು ಮೂರು ವರ್ಷ ಹೊಗಳಿದ್ದು, ನಿನ್ನ ಮಾತು ನಂಬಿ ತಗೊಂಡ್ವಿ' ಅಂತ ಬೈದಿದ್ದರು. ಇನ್ನರ್ಧ ಜನಕ್ಕೆ ಆಟ ಇಷ್ಟವಾಗಿತ್ತು, ಅವರು 'ನಿಂಗೆ ತಾಳ್ಮೆ ಇಲ್ಲ, ಹೊಡೆದಾಡೋ ಗೇಮ್ ಆಡ್ಕೊಂಡಿರು' ಅಂತ ಬೈದಿದ್ದರು. ಎರಡೂ ಕಡೆಯವರ ಕಲ್ಲೂ ಬೀಳುತ್ತಿದ್ದದ್ದು ಅವನ ಮೇಲೆಯೇ. ಅವನು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದ.

ನಾನು ಫೋನ್ ಮಾಡಿ, 'ನಂಗೆ ಇಷ್ಟ ಆಯ್ತು ಕಣೋ' ಅಂದೆ.

'ಏನಿಷ್ಟ ಆಯ್ತು? ಅದ್ರಲ್ಲಿ ಏನಿದೆ?'

'ಯಾರೂ ಇಲ್ವಲ್ಲ, ಅದೇ.'

'ಅಕ್ಕ, ನಂಗೆ ಈಗ ತಮಾಷೆ ಬೇಡ' ಅಂದು ಇಟ್ಟುಬಿಟ್ಟ.

ಎರಡು ದಿನ ಬಿಟ್ಟು ಅವನೇ ಕರೆದ. ಅಕ್ಕ ತಮ್ಮ ಕೂತು ವಾದ ಮಾಡೋ ವಿಡಿಯೋ ಮಾಡೋಣ, ನೀನು ಆಟದ ಪರ, ನಾನು ವಿರುದ್ಧ, ಎರಡೂ ಕಡೆಯವರ ಬಾಯಿ ಮುಚ್ಚುತ್ತೆ ಅಂದ. ನನಗೆ ಇಷ್ಟವಿರಲಿಲ್ಲ. ಆದರೆ ಅವನ ದನಿ ಕೇಳಿ ಬೇಡ ಅನ್ನಲಾಗಲಿಲ್ಲ. ಭಾನುವಾರ ಆರ್.ಟಿ. ನಗರಕ್ಕೆ ಹೋದೆ. ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಮೈಕಿಗೆ ಶಬ್ದ ಬರುತ್ತೆ. ಬೆವರುತ್ತಾ ಕೂತೆವು. ಮಾತು ಶುರು ಮಾಡಿದರೆ ಬಸ್ಸಿನ ಹಾರ್ನು, ಮತ್ತೆ ಶುರು ಮಾಡಿದರೆ ಮಸೀದಿಯ ಆಜಾನ್. ಅದು ಮುಗಿಯುವವರೆಗೆ ಕಾದು, ನೀರು ಕುಡಿದು, ಮತ್ತೆ ಶುರು ಮಾಡಿದೆವು.

ಅವನು ಕೇಳಿದ, 'ಏನೂ ಇಲ್ಲದ ಗ್ರಹದಲ್ಲಿ ನೀನು ಏನ್ ಮಾಡ್ತೀಯಾ, ಹೇಳು.'

'ನಡೀತೀನಿ. ಗುಡ್ಡ ಹತ್ತಿ ನಿಂತ್ಕೋತೀನಿ.'

'ಆಮೇಲೆ?'

'ಆಮೇಲೆ ಇಳೀತೀನಿ. ನನ್ನ ಯಾರೂ ಏನೂ ಕೇಳಲ್ಲ ಅಲ್ಲಿ. ದಿನಾ ಎಷ್ಟು ಜನಕ್ಕೆ ಉತ್ತರ ಕೊಡ್ತೀನಿ ಗೊತ್ತಾ ನಿಂಗೆ?'

ಅವನು ಏನೋ ಹೇಳಲು ಹೋಗಿ ಸುಮ್ಮನಾದ. ಆ ಸುಮ್ಮನಾದದ್ದನ್ನು ವಿಡಿಯೋದಿಂದ ಕತ್ತರಿಸಲಿಲ್ಲ, ಹಾಗೇ ಬಿಟ್ಟ.

ವಿಡಿಯೋ ಹಾಕಿದ ಮೇಲೆ ಯಾರ ಬಾಯೂ ಮುಚ್ಚಲಿಲ್ಲ. ನನಗೆ ಕಂಪನಿಯವರು ದುಡ್ಡು ಕೊಟ್ಟಿದ್ದಾರೆ ಅಂತ ಒಬ್ಬ ಬರೆದಿದ್ದ. 'ಆಂಟಿ, ಸಾರಿಗೆ ಒಗ್ಗರಣೆ ಹಾಕಿ ಹೋಗಿ' ಅಂತ ಇನ್ನೊಬ್ಬ. ಅದಕ್ಕಿಂತ ಕೀಳಾದವೂ ಇದ್ದವು. ಅವುಗಳ ಮಧ್ಯೆ ಯಾರೋ, ಹೆಂಗಸೇ ಇರಬೇಕು, 'ನಾನೂ ಹಂಗೇ ಆಡೋದು ಅಕ್ಕ, ಮನೇಲಿ ಯಾರಿಗೂ ಹೇಳಿಲ್ಲ' ಅಂತ ಬರೆದಿದ್ದಳು. ನಾನು ಅದನ್ನು ಓದಿ ಫೋನ್ ಮಗುಚಿಟ್ಟೆ. ಬೈದವರ ಮಾತು ಬಂದು ಹೋಗುವ ರೋಗಿಗಳ ಕೂಗಾಟದ ಹಾಗೆ ನನ್ನ ಮೇಲಿಂದ ಹಾದು ಹೋಯಿತು. ತಮ್ಮನಿಗೆ ಹಾಗಾಗಲಿಲ್ಲ. ನನ್ನನ್ನು ಅಂದವರ ಜೊತೆ ಅವನು ಹಗಲೆಲ್ಲಾ ಗುದ್ದಾಡಿದ.

ಮುಂದಿನ ವಾರ ಕೆಲಸಕ್ಕೆ ರಜೆ ಇದ್ದ ದಿನ ಅಂಗಡಿಗೆ ಹೋದೆ. ಕೌಂಟರಿನ ಮೇಲೆ ಬಿಚ್ಚಿಟ್ಟ ಫೋನುಗಳು ಹಾಗೇ ಬಿದ್ದಿದ್ದವು. ಪಕ್ಕದ ಬೀದಿಯ ಹಿರಿಯರೊಬ್ಬರು ನಿಂತು ಕಾಯುತ್ತಿದ್ದರು. ತಮ್ಮ ತಲೆ ಬಗ್ಗಿಸಿ ತನ್ನ ಫೋನಿನಲ್ಲಿ ಟೈಪ್ ಮಾಡುತ್ತಿದ್ದ.

'ಬೇಟಾ, ನಂದು ಫೋನು ಆಯ್ತಾ?' ಅಂದರು ಅವರು.

'ನಾಳೆ ಬನ್ನಿ ಚಾಚಾ.'

'ನೆನ್ನೇನೂ ನಾಳೆ ಅಂತಾನೇ ಬೋಲೆ ತುಮ್' ಅಂದು ಆ ಹಿರಿಯರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಹುಷಾರಿಲ್ಲದ ಮಗುವಿನ ಬಗ್ಗೆ ಕೇಳುವವರ ಹಾಗೆ ನೋಡಿದರು. ಅವರು ಹೋದ ಮೇಲೆ ನಾನು ತಮ್ಮನ ಕೈಯಿಂದ ಫೋನ್ ಕಿತ್ತುಕೊಂಡೆ.

'ಅದು ಒಂದು ಆಟ ಕಣೋ. ಚೆನ್ನಾಗಿಲ್ಲ ಅಂದ್ರೆ ಬಿಡು.'

'ಚೆನ್ನಾಗಿಲ್ಲ ಅನ್ನೋದಲ್ಲ ಅಕ್ಕ.' ಅವನು ಕಣ್ಣು ಉಜ್ಜಿಕೊಂಡ. 'ಬರುತ್ತೆ, ನೋಡ್ತಿರಿ ಅಂತ ಎಲ್ರಿಗೂ ಹೇಳ್ದೋನು ನಾನು. ಅವ್ರು ಸುಳ್ಳು ಹೇಳಿದ್ರು. ಆದ್ರೆ ಇಲ್ಲಿ ಕನ್ನಡದಲ್ಲಿ ಹೇಳಿದ್ದು ನನ್ನ ಬಾಯಿ.'

ಎದುರಿನ ಬೇಕರಿಯಿಂದ ಎರಡು ಟೀ ತರಿಸಿದೆ. ಕುಡಿದು ಮುಗಿಸಿದ ಮೇಲೆ ಅವನು ಚಾಚಾನ ಫೋನ್ ಎತ್ತಿಕೊಂಡು ಸ್ಕ್ರೂ ಬಿಚ್ಚತೊಡಗಿದ. ಅವತ್ತಿನಿಂದ ಸ್ವಲ್ಪ ಸ್ವಲ್ಪ ಸರಿಹೋದ. ಬೇರೆ ಗೇಮುಗಳ ವಿಡಿಯೋ ಮಾಡಿದ. ಆ ಆಟದ ಹೆಸರನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ನಾನು ಮಾತ್ರ ನನ್ನ ಕೆಂಪು ಗ್ರಹಕ್ಕೆ ಹೋಗಿ ಬರುತ್ತಿದ್ದೆ.

ಒಂದು ವರ್ಷವೇ ಕಳೆದಿರಬೇಕು. ಆಸ್ಪತ್ರೆಯಲ್ಲಿ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಅವನ ಫೋನ್ ಬಂತು.

'ಅಕ್ಕ, ಸರಿ ಮಾಡಿದಾರೆ! ದೊಡ್ಡ ಅಪ್‌ಡೇಟ್ ಬಿಟ್ಟಿದಾರೆ. ಊರುಗಳಿವೆ, ಜನ ಇದಾರೆ, ಎಲ್ರೂ ಒಟ್ಟಿಗೆ ಆಡ್ಬೋದು. ಹೇಳಿದ್ದೆಲ್ಲಾ ಹಾಕಿದಾರೆ ಕಣೇ!'

ಅಷ್ಟು ಖುಷಿ ಅವನ ದನಿಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ನನಗೂ ಖುಷಿಯಾಯಿತು. ಆ ಸಂಜೆ ಫ್ಲೈಓವರ್ ಮೇಲೆ ಗಾಡಿಗಳು ನಿಂತೇಹೋಗಿದ್ದವು. ಮನೆ ಸೇರಿದಾಗ ಕಾಲು ಸೇದುತ್ತಿತ್ತು. ಅನ್ನಕ್ಕಿಟ್ಟು ಆಟ ಹಾಕಿದೆ. ಅದು ತಾನಾಗಿಯೇ ಹೊಸದಾಗಿಬಿಟ್ಟಿತ್ತು.

ನನ್ನ ಗುಡ್ಡದ ಬುಡದಲ್ಲಿ ಒಂದು ನಿಲ್ದಾಣ ಎದ್ದಿತ್ತು. ದೀಪಗಳು, ಬೋರ್ಡುಗಳು, ಸಾಮಾನು ಮಾರುವ ವಿಚಿತ್ರ ಮುಖದ ಜೀವಿಗಳು. ತಲೆಯ ಮೇಲೆ ಹಡಗುಗಳು ಇಳಿಯುತ್ತಿದ್ದವು, ಏರುತ್ತಿದ್ದವು. ಗುಡ್ಡ ಹತ್ತಿದೆ. ಅಲ್ಲಿಯವರೆಗೂ ಆ ಸದ್ದು ಬಂತು. ಆಗ ಯಾವುದೋ ದೇಶದ ಒಬ್ಬ ಆಟಗಾರ ತನ್ನ ಹಡಗನ್ನು ನನ್ನ ಪಕ್ಕದಲ್ಲೇ ಇಳಿಸಿ, ಕೈ ಬೀಸಿ, ಇಂಧನ ಎಲ್ಲಿ ಸಿಗುತ್ತೆ ಅಂತ ಇಂಗ್ಲಿಷಿನಲ್ಲಿ ಕೇಳಿದ.

ಕೆಳಗಿಳಿದು ಎಡಕ್ಕೆ ಹೋಗಿ, ಎರಡನೇ ಕೌಂಟರ್ ಅಂತ ಬರೆದೆ. ಬರೆದ ಮೇಲೆ ಗೊತ್ತಾಯಿತು, ಅಲ್ಲಿ ಎರಡನೇ ಕೌಂಟರ್ ಇದೆಯೋ ಇಲ್ಲವೋ ನಾನು ನೋಡಿಯೇ ಇರಲಿಲ್ಲ. ಬಾಯಿಪಾಠದಲ್ಲಿ ಬಂದುಬಿಟ್ಟಿತ್ತು.

ಟೀವಿ ಆರಿಸಿ ಅಡುಗೆಮನೆಗೆ ಹೋದೆ. ತಮ್ಮನ ಹೊಸ ವಿಡಿಯೋ ಅಷ್ಟರಲ್ಲಾಗಲೇ ಬಂದಿತ್ತು. ಮುಖ ತೊಳೆದು, ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದ. 'ನಾನು ಅವತ್ತು ಬೈದದ್ದೂ ನಿಜ, ಈಗ ಹೊಗಳೋದೂ ನಿಜ' ಅಂದಿದ್ದ. ಕೆಳಗೆ ಜನ ಮತ್ತೆ ಎರಡು ಭಾಗವಾಗಿದ್ದರು. ಮೊದಲು ಆಟವನ್ನು ಮೆಚ್ಚಿದ್ದ ಕೆಲವರು ಈಗ ಹಾಳಾಯಿತು ಅನ್ನುತ್ತಿದ್ದರು, ಬೈದಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ತಮ್ಮನನ್ನು ಈ ಸಲ ಕಂಪನಿಯವರು ಕೊಂಡುಕೊಂಡಿದ್ದಾರೆ ಅಂತ ಬರೆದಿದ್ದರು.

ನಾನು ಹೇಳಬಾರದು ಅಂದುಕೊಂಡಿದ್ದೆ. ಆದರೆ ಅವನೇ ಫೋನ್ ಮಾಡಿ ಕೇಳಿದ, 'ಹೆಂಗಿದೆ ಈಗ? ನಿನ್ನ ಗ್ರಹ ನೋಡಿದ್ಯಾ?'

'ಚೆನ್ನಾಗಿ ಮಾಡಿದಾರೆ' ಅಂದೆ. ಅವನು ಕಾದ. 'ಆದ್ರೆ ನಂಗೆ ಇನ್ನು ಸಾಕು ಕಣೋ. ಅಲ್ಲೂ ಜನ ದಾರಿ ಕೇಳ್ತಾರೆ.'

ಅವನು ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. 'ಹೌದಾ' ಅಂದು ಬೇರೆ ವಿಷಯ ಮಾತಾಡಿದ.

ಮರುವಾರ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಡಿಸ್ಕ್ ಇತ್ತು. ಆಟ ಬಂದ ಮೊದಲ ದಿನ ಗೇಮ್ ಅಂಗಡಿಗಳಲ್ಲಿ ಮಾರಿದ ಡಿಸ್ಕ್ ಅಂತೆ, ಒಬ್ಬ ಗಿರಾಕಿ ಸಿಟ್ಟಿಗೆ ಇವನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದನಂತೆ. ಯಂತ್ರದ ಮುಂದೆ ಚಕ್ಕಂಬಟ್ಟಲು ಹಾಕಿ ಕೂತು ಇದ್ದದ್ದನ್ನು ಅಳಿಸಿದ, ಡಿಸ್ಕ್ ಹಾಕಿದ, ವೈಫೈ ತೆಗೆದ.

'ಇದ್ರಲ್ಲಿ ಇರೋದು ಹಳೇದೇ. ನೆಟ್ ಕನೆಕ್ಟ್ ಮಾಡ್ಬೇಡ. ಅಪ್‌ಡೇಟ್ ಕೇಳಿದ್ರೆ ಬೇಡ ಅನ್ನು. ನಿನ್ನ ಹಳೇ ಗ್ರಹ ಸಿಗಲ್ಲ ಅಕ್ಕ, ಅದು ಹೋಯ್ತು. ಮೊದಲಿಂದ ಶುರು ಮಾಡ್ಬೇಕು.'

'ನೀನು ಅಷ್ಟು ಬೈದ ಆಟ ಇದು.'

'ಈಗಲೂ ಬೈತೀನಿ' ಅಂದ. 'ಕೆಟ್ಟ ಆಟ. ನೀನು ಆಡು.'

ಗಂಡ ಅವನಿಗೂ ತಟ್ಟೆ ಹಾಕಿದರು. ಹುರುಳಿಕಾಯಿ ಪಲ್ಯ ಮಾಡಿದ್ದೆ, ಎರಡು ಸಲ ಹಾಕಿಸಿಕೊಂಡ. ಊಟವಾದ ಮೇಲೆ ನಾನು ಹೊಸ ಆಟ ಶುರು ಮಾಡಿದೆ. ಈ ಸಲ ಸಿಕ್ಕಿದ್ದು ಬೂದು ಬಣ್ಣದ, ಮಂಜು ಕವಿದ ಗ್ರಹ. ಅವನು ಗೋಡೆಗೆ ಒರಗಿ ನೋಡುತ್ತಾ ಕೂತ. ಮೊದಮೊದಲು 'ಅಲ್ಲಿ ಹೋಗು, ಇಲ್ಲಿ ಅಗೆ' ಅನ್ನುತ್ತಿದ್ದ, ಆಮೇಲೆ ಸುಮ್ಮನಾದ. ಶೇಷಾದ್ರಿಪುರದಲ್ಲಿ ಯಾರನ್ನೋ ನೋಡಬೇಕಿತ್ತಂತೆ, ಅಲ್ಲಿಂದ ಫೋನ್ ಬಂದರೂ ಎತ್ತಲಿಲ್ಲ.

ಈಗ ಅವನು ಶನಿವಾರ ತನ್ನ ಚಾನೆಲ್ಲಿನ ಗೆಳೆಯರ ಜೊತೆ ಹೊಸ ಆಟದಲ್ಲಿ ಗಲಾಟೆ ಮಾಡಿಕೊಂಡು ಅಲೆಯುತ್ತಾನೆ. ಕಾಮೆಂಟುಗಳನ್ನು ಓದುತ್ತಾನೆ, ಉತ್ತರ ಕೊಡುವುದನ್ನು ಬಿಟ್ಟಿದ್ದಾನೆ. ನಾನು ಮೊದಲಿನಷ್ಟು ಆಡುವುದಿಲ್ಲ. ಬೂದು ಗ್ರಹ ನನ್ನ ಕೆಂಪು ಗ್ರಹದಷ್ಟು ಹಿಡಿಸಲಿಲ್ಲ, ಅದು ನಿಜ. ಕೆಲವು ವಾರ ಯಂತ್ರದ ಮೇಲೆ ಧೂಳು ಕೂರುತ್ತೆ. ಆದರೂ ಕೌಂಟರಿನಲ್ಲಿ ತುಂಬಾ ಜನವಿದ್ದ ದಿನ, ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅದನ್ನು ಹಾಕುತ್ತೇನೆ. ಗಂಡ ಬಂದು ಪಕ್ಕದಲ್ಲಿ ಕೂರುತ್ತಾರೆ. ಮಂಜಿನಲ್ಲಿ ಸ್ವಲ್ಪ ದೂರ ನಡೆಯುತ್ತೇನೆ, ಕುಕ್ಕರ್ ಕೂಗುವವರೆಗೆ.